ಒಂಬತ್ತನೆಯ ಟ್ಯಾಂಕು

ಹಗಲು ನನ್ನದು ಸಮುದ್ರದ ಕೆಲಸ.
ಹಿದ್ದ್‌ನ ಸ್ಥಾವರದಲ್ಲಿ ಉಪ್ಪು ಕಳೆದ ನೀರನ್ನು
ಗಾಜಿನ ಶೀಶೆಗೆ ತುಂಬಿ, ಬೆಳಕಿಗೊಡ್ಡಿ,
ಎಷ್ಟು ಕದಡಿದೆ ಎಂದು ಅಂಕಿಯಲ್ಲಿ ಬರೆಯುವುದು.
ಎಂಟು ಟ್ಯಾಂಕು, ಎಂಟು ಸಾಲು, ಕೆಳಗೊಂದು ಸಹಿ.

ರಾತ್ರಿ ಮುಹರ್ರಖ್‌ನ ಕೋಣೆಯಲ್ಲಿ
ಐದೇ ಲೀಟರಿನ ಇನ್ನೊಂದು ಕೆಲಸ.
ಕುರಿಗಳಿಗೆಂದು ಮಾರುವ ಬಾರ್ಲಿ ನೆನೆಹಾಕಿ,
ಏಸಿಯ ಬುಡದಲ್ಲಿ ಒದ್ದೆ ಗೋಣಿ ಹೊದಿಸಿ ಮೊಳಕೆ ಬರಿಸಿ,
ತಾರಸಿಯ ಮೇ ತಿಂಗಳಿಗೆ ಹರವಿದರೆ
ಎರಡೇ ದಿನ, ಹಲ್ಲಿಗೆ ಕಟಕ್ಕೆನ್ನುತ್ತದೆ.
ಮಗುವಿಗೆ ರಾಗಿಸರಿ ಮಾಡುವ ಹಾಗೆಯೇ, ಇಲ್ಲಿಯವರೆಗೆ.
ಆಮೇಲಿನದಕ್ಕೆ ಕಿಟಕಿಯ ಪರದೆ ಎಳೆಯಬೇಕು.

ಕಲಿಸಿದವ ಲಾಜರಸ್ ಮತಾಯಸ್.
ಊರಿಗೆ ಮರಳುವ ಮುನ್ನ ಪಾತ್ರೆ, ಥರ್ಮಾಮೀಟರು,
ಬಟ್ಟೆಯ ಚೀಲ ನನ್ನ ಮಂಚದಡಿಗೆ ತಳ್ಳಿ ಹೇಳಿದ್ದ:
ನುಣ್ಣಗೆ ಬೀಸಬೇಡ, ಒಡೆದರೆ ಸಾಕು,
ಹೊಟ್ಟು ಇಡಿಯಾಗಿರಲಿ, ಅದೇ ನಿನ್ನ ಜರಡಿ.
ಮೊದಲು ಇಳಿದ ರಸವನ್ನು ಮರಳಿ ಕಾಳಿನ ಮೇಲೇ ಹೊಯ್ಯಿ,
ಚಮಚದ ಬೆನ್ನಿನಿಂದ, ಸದ್ದಾಗದಂತೆ.
ಮತ್ತೆ ಚೀಲ ಹಿಂಡಬೇಡ ಮಾರಾಯ, ಹಿಂಡಬೇಡ,
ಅದರ ಪಾಡಿಗೆ ತೊಟ್ಟಿಕ್ಕಲಿ.

ನಾನು ಹಿಂಡುತ್ತಿದ್ದೆ.
ಟೂತ್‌ಪೇಸ್ಟಿನ ಬಾಲ ಮಡಚಿ ಹಿಂಡುವವನು,
ಓವರ್‌ಟೈಮಿನ ಕೊನೆಯ ಕಾಲುಗಂಟೆ ಬಿಡದವನು,
ಒಂದು ಲೋಟ ರಸ ಹೇಗೆ ಬಿಡಲಿ?
ಬಾಟಲಿಗಳ ತಳದಲ್ಲಿ ಯಾವಾಗಲೂ
ಒಂದಂಗುಲ ಕೆಸರು.

ಕೋಣೆಯ ದೂಮಪ್ಪ ಪೂಜಾರಿಗೆ ನಗು.
ಅವನ ತಂದೆ ತಾಳೆಮರ ಹತ್ತುತ್ತಿದ್ದವರು.
"ಕಳ್ಳು ತಿಳಿಯಾಗಿದ್ದರೆ ನಮ್ಮಲ್ಲಿ
ನೀರು ಬೆರೆಸಿದ್ದಾರೆ ಅಂತ ಲೆಕ್ಕ.
ಗಸಿ ಬೇಡದವನು ಕೋಳಿ ಯಾಕೆ ತರುತ್ತೀ?"

ಈ ಸಲ ಹಿಂಡಲಿಲ್ಲ.
ಕುದಿ ಇಳಿಸಿ, ಸೌಟಿನಿಂದ ಸುಳಿ ಎಬ್ಬಿಸಿ, ಮುಚ್ಚಿಟ್ಟೆ.
ಗಸಿ ತಾನಾಗಿ ನಡುವಿಗೆ ಬಂದು ಗುಡ್ಡೆಯಾಯಿತು,
ಅಂಚಿನಿಂದಷ್ಟೇ ಕೊಳವೆ ಹಾಕಿ ಇಳಿಸಿದೆ.
ಹುದುಗು ಹದಿನಾರು ದಿನ ಗೊಣಗಿ ಸುಮ್ಮನಾಯಿತು.
ಜಾಡಿಯನ್ನು ಫ್ರಿಜ್ಜಿಗೆ ಸೇರಿಸಿ
ಬಾಗಿಲಿಗೆ ಚೀಟಿ ಅಂಟಿಸಿದೆ: ಮೂರು ದಿನ, ಮೆಲ್ಲಗೆ.
ಎರಡನೆಯ ರಾತ್ರಿಯೇ ದೂಮಪ್ಪ
ಮೀನಿನ ಡಬ್ಬಿ ಹುಡುಕುತ್ತ ಅದನ್ನು ಆಚೆ ಸರಿಸಿದ.

ಬೆಳಗ್ಗೆ ಒಂದು ಶೀಶೆಯಷ್ಟು
ಅಂಗಿಯ ಜೇಬಲ್ಲಿಟ್ಟು ಲ್ಯಾಬಿಗೆ ಒಯ್ದೆ.
ಯಂತ್ರ ಹೇಳಿತು: ಹದಿನಾಲ್ಕು ಬಿಂದು ಆರು.
ಹನ್ನೊಂದು ವರ್ಷದ ಅಭ್ಯಾಸ, ಕೈ ತಾನೇ
ಒಂಬತ್ತನೆಯ ಸಾಲೆಳೆದು ಬರೆದುಬಿಟ್ಟಿತು.

ಎಂಜಿನಿಯರ್ ಅಬ್ದುಲ್ ಹಾದಿ ಪುಸ್ತಕ ನೋಡಿದರು.
"ನಮ್ಮಲ್ಲಿ ಟ್ಯಾಂಕು ಎಂಟೇ."
ಶೀಶೆಯನ್ನು ಕಿಟಕಿಗೆ ಹಿಡಿದರು. ಜೇನುಬಣ್ಣದ ಮೋಡ.
ಮೂಗಿಗೆ ಹಿಡಿಯಲಿಲ್ಲ, ಅದನ್ನು ನಾನು ಗಮನಿಸಿದೆ.
ಅಷ್ಟರಲ್ಲಿ ನನ್ನ ತಳದಲ್ಲಿ ಕೂತದ್ದೆಲ್ಲ
ಒಮ್ಮೆಲೇ ಎದ್ದು ಗಂಟಲಿಗೆ ಬಂತು:
ವೀಸಾ, ತಂಗಿಯ ಅಂಗಡಿಯ ಸಾಲ,
ಪಾಸ್‌ಪೋರ್ಟಿನ ಫೋಟೋದ ಎಳೆಯ ಮುಖ.

ಅವರು ಸಿಂಕಿಗೆ ಚೆಲ್ಲಿದರು. ಮೂರು ಸಲ ತೊಳೆದರು.
ಸ್ಕೇಲಿಟ್ಟು ಆ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದು
ಪಕ್ಕದಲ್ಲಿ ಸಹಿ ಹಾಕಿದರು.
ಬಾಗಿಲ ಬಳಿ ನಿಂತು, ನನ್ನ ಕಡೆ ನೋಡದೆ:
"ಯಾವ ನೀರೋ, ನಾನು ಕೇಳಲಿಲ್ಲ.
ಇನ್ನೆರಡು ದಿನ ಅಲುಗಿಸಬೇಡ."

ಶುಕ್ರವಾರ ಜಾಡಿಯ ಆಚೆಗಿನ ಕ್ಯಾಲೆಂಡರಿನಲ್ಲಿ
ತಾರೀಕು ಓದಬಹುದಿತ್ತು.
ಒಂದೇ ಕೈಯೋಟದಲ್ಲಿ ಬಗ್ಗಿಸಿ, ನಿಲ್ಲಿಸದೆ ಹೊಯ್ದೆ,
ತಳದ ಬಿಳುಪು ಮೂತಿಗೆ ಬರುವ ಮೊದಲೇ ತಡೆದೆ.
ಒಂದು ಲೋಟದಷ್ಟು ಉಳಿಯಿತು.
ಉಳಿಯಲಿ.

ಉಳಿದದ್ದನ್ನು ದೂಮಪ್ಪ ಮಾತಿಲ್ಲದೆ
ಅಕ್ಕಿಹಿಟ್ಟಿಗೆ ಸುರಿದುಕೊಂಡ.
ಬೆಳಗ್ಗೆ ದೋಸೆಗೆ ಸಾವಿರ ಕಣ್ಣು, ತುಸು ಕಹಿ.
ಎರಡನ್ನು ಡಬ್ಬಿಗೆ ಹಾಕಿ
ಲ್ಯಾಬಿಗೆ ಒಯ್ಯೋಣ ಎಂದುಕೊಂಡೆ,
ಒಯ್ಯಲಿಲ್ಲ.

ಭಾನುವಾರ ಎಂಟೇ ಸಾಲು ಬರೆದೆ.